ಸಂಘದ ಲೆಕ್ಕಕ್ಕೆ ಎಕ್ಸೆಲ್ ಸಾಕೇ? ಸರ್ವೆ ನಂಬರ್ ‘5/2’ ತಾರೀಖು ಆಗುವ ಮೊದಲು ಇದನ್ನು ಓದಿ

‘ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳಬೇಡಿ, ಈ ಎಕ್ಸೆಲ್ ಫೈಲ್ ಇದ್ದರೆ ಅಂಗಡಿ, ಸಂಘ, ಡೇರಿ ಎಲ್ಲ ಲೆಕ್ಕವೂ ತಾನೇ ಆಗುತ್ತದೆ’ ಎಂಬ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿರಬಹುದು. ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಕಲಘಟಗಿ ತಾಲ್ಲೂಕಿನ ಮಿಶ್ರಿಕೋಟಿಯಂಥ ಊರನ್ನೇ ತೆಗೆದುಕೊಳ್ಳಿ. ಬೀಜ-ಗೊಬ್ಬರದ ಅಂಗಡಿಯಲ್ಲಿ ಉದ್ರಿ ಲೆಕ್ಕ, ಸ್ವಸಹಾಯ ಸಂಘದಲ್ಲಿ ಉಳಿತಾಯ ಮತ್ತು ಸಾಲದ ಲೆಕ್ಕ, ಹಾಲಿನ ಡೇರಿಯಲ್ಲಿ ಲೀಟರ್ ಮತ್ತು ಫ್ಯಾಟ್ ಲೆಕ್ಕ ಇದ್ದೇ ಇರುತ್ತದೆ. ಕಿರ್ದಿ ಪುಸ್ತಕದಲ್ಲಿದ್ದ ಈ ಲೆಕ್ಕವನ್ನು ಕಾಲೇಜು ಓದುವ ಹುಡುಗನೊಬ್ಬ ಎಕ್ಸೆಲ್‌ಗೆ ಹಾಕುತ್ತಾನೆ. ಸೂತ್ರ ಬರೆಯುತ್ತಾನೆ, ಹೆಸರು ಆರಿಸುವ ಪಟ್ಟಿ ಮಾಡುತ್ತಾನೆ, ಬಿಲ್ ತೆಗೆಯುವ ಬಟನ್ ಇಡುತ್ತಾನೆ. ಅಲ್ಲಿಗೆ ಅದು ಬರೀ ಶೀಟ್ ಅಲ್ಲ, ಒಂದು ಸಣ್ಣ ಆ್ಯಪ್. ಇದು ಹೊಸ ಪದ್ಧತಿಯೇನಲ್ಲ. ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ 1979ರಲ್ಲಿ, ಎಕ್ಸೆಲ್ 1985ರಲ್ಲಿ ಬಂದವು. ಅಂದಿನಿಂದಲೂ ಜಗತ್ತಿನ ಸಣ್ಣ-ದೊಡ್ಡ ವ್ಯವಹಾರಗಳು ಹೀಗೆ ನಡೆದಿವೆ. ಆದರೆ ಕೆಲವು ತಪ್ಪು ನಂಬಿಕೆಗಳೂ ಜೊತೆಗೆ ಬೆಳೆದಿವೆ.

ನಂಬಿಕೆ 1: ಕಂಪ್ಯೂಟರ್ ಲೆಕ್ಕ ತಪ್ಪುವುದಿಲ್ಲ

ಕೂಡುವುದು, ಕಳೆಯುವುದು ಸಾಮಾನ್ಯವಾಗಿ ತಪ್ಪುವುದಿಲ್ಲ. ಆದರೆ ಯಾವುದನ್ನು ಕೂಡಬೇಕು ಎಂದು ಹೇಳುವವರು ನಾವು. ನಲವತ್ತು ಸದಸ್ಯರ ಪಟ್ಟಿಯ ಕೆಳಗೆ ಇನ್ನೊಬ್ಬರನ್ನು ಸೇರಿಸಿದಾಗ, ಮೊತ್ತದ ಸೂತ್ರ ಹಳೆಯ ನಲವತ್ತು ಸಾಲುಗಳನ್ನಷ್ಟೇ ಕೂಡುತ್ತಿರಬಹುದು. ಪರದೆಯ ಮೇಲೆ ಯಾವ ಎಚ್ಚರಿಕೆಯೂ ಕಾಣದೆ ಹೋಗಬಹುದು.

ದೊಡ್ಡವರೂ ಇಲ್ಲೇ ಎಡವಿದ್ದಾರೆ. ದೇಶಗಳ ಸಾಲ ಮತ್ತು ಬೆಳವಣಿಗೆ ಕುರಿತು ರೈನ್‌ಹಾರ್ಟ್ ಮತ್ತು ರೋಗಾಫ್ ಎಂಬ ಅರ್ಥಶಾಸ್ತ್ರಜ್ಞರು 2010ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದ ಎಕ್ಸೆಲ್ ಸೂತ್ರದಲ್ಲಿ ಐದು ದೇಶಗಳ ಸಾಲುಗಳು ಬಿಟ್ಟುಹೋಗಿದ್ದವು. 2013ರಲ್ಲಿ ಅದನ್ನು ಪತ್ತೆಹಚ್ಚಿ ಹೊರಗಿಟ್ಟ ಮೂವರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಯೂ ಒಬ್ಬ.

ನಂಬಿಕೆ 2: ನಾವು ಟೈಪ್ ಮಾಡಿದ್ದೇ ಉಳಿಯುತ್ತದೆ

ರೈತರು ಹೆಚ್ಚು ಗಮನಿಸಬೇಕಾದದ್ದು ಇದನ್ನೇ. ಹೊಸ ಶೀಟಿನಲ್ಲಿ ಸರ್ವೆ ನಂಬರ್ 5/2 ಎಂದು ಟೈಪ್ ಮಾಡಿ ನೋಡಿ. ಎಕ್ಸೆಲ್ ಅದನ್ನು ಫೆಬ್ರುವರಿ 5 ಅಥವಾ ಮೇ 2 ಎಂಬ ತಾರೀಖು ಮಾಡುತ್ತದೆ. ಆಮೇಲೆ ಆ ಕೋಶವನ್ನು ‘ಟೆಕ್ಸ್ಟ್’ ಎಂದು ಬದಲಿಸಿದರೆ 5/2 ಮರಳುವುದಿಲ್ಲ, ಐದಂಕಿಯ ಯಾವುದೋ ಸಂಖ್ಯೆ ಕಾಣುತ್ತದೆ.

ಖಾತೆ ಸಂಖ್ಯೆಯದೂ ಇದೇ ಕಥೆ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ನಿಖರವಾಗಿ ಇಟ್ಟುಕೊಳ್ಳುತ್ತದೆ. 1234567890123456 ಎಂದು ಹಾಕಿದರೆ ಕೊನೆಯ 6 ಹೋಗಿ ಸೊನ್ನೆ ಬರುತ್ತದೆ. ಸಂಖ್ಯೆಯ ಮುಂದಿನ ಸೊನ್ನೆಗಳೂ ಅಳಿಸಿಹೋಗುತ್ತವೆ. ಕೆಲವು ಬ್ಯಾಂಕ್‌ಗಳ ಖಾತೆ ಸಂಖ್ಯೆಗೆ 16 ಅಂಕಿಗಳಿರುತ್ತವೆ. ಇಂಥ ಪಟ್ಟಿ ಹಿಡಿದು ಹಣ ಹಾಕಲು ಹೋದರೆ, ಹಣ ಸಿಗಬೇಕಾದವರು ಅಲೆದಾಡಬೇಕಾಗುತ್ತದೆ.

ಪರಿಹಾರ ಸುಲಭ. ಟೈಪ್ ಮಾಡುವ ಮೊದಲೇ ಆ ಕಾಲಂ ಅನ್ನು ‘ಟೆಕ್ಸ್ಟ್’ ಮಾಡಿ. ವಿಜ್ಞಾನಿಗಳಿಗೂ ಈ ಕಾಟ ತಪ್ಪಿಲ್ಲ. ‘ಮಾರ್ಚ್1’, ‘ಸೆಪ್ಟ್1’ ಎಂಬ ಜೀನ್ ಹೆಸರುಗಳು ತಾರೀಖಾಗಿ ಬದಲಾಗುತ್ತಿದ್ದ ಕಾರಣ, ಅಂಥ ಜೀನ್‌ಗಳ ಹೆಸರನ್ನೇ ಬದಲಿಸಲಾಯಿತು. ಅದಕ್ಕೆ ಸಂಬಂಧಿಸಿದ ಹೊಸ ಮಾರ್ಗಸೂಚಿ 2020ರಲ್ಲಿ ಪ್ರಕಟವಾಯಿತು.

ನಂಬಿಕೆ 3: ಎಷ್ಟು ಬೇಕಾದರೂ ತುಂಬಬಹುದು

ಹಳೆಯ ಎಕ್ಸೆಲ್ ಫೈಲಿನ ಒಂದು ಶೀಟಿನಲ್ಲಿ 65,536 ಸಾಲು ಮಾತ್ರ. 2007ರ ಆವೃತ್ತಿಯಿಂದ ಇದು 10,48,576. ಇಂಗ್ಲೆಂಡಿನಲ್ಲಿ 2020ರಲ್ಲಿ ಕೋವಿಡ್ ಫಲಿತಾಂಶಗಳನ್ನು ಹಳೆಯ ಮಾದರಿಯ ಫೈಲಿಗೆ ತುಂಬಿಸುವಾಗ ಮಿತಿ ಮೀರಿ, 15,841 ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋದವು. ಅವರ ಸಂಪರ್ಕದಲ್ಲಿದ್ದವರನ್ನು ಹುಡುಕುವ ಕೆಲಸ ತಡವಾಯಿತು. ಊರಿನ ಸಂಘಕ್ಕೆ ಇಷ್ಟು ಸಾಲು ಬೇಕಾಗುವುದಿಲ್ಲ ನಿಜ. ಆದರೆ ಮಿತಿ ಎಲ್ಲಿದೆ ಎಂದು ಗೊತ್ತಿರಬೇಕು.

ನಂಬಿಕೆ 4: ಫಾರ್ವರ್ಡ್ ಆಗಿ ಬಂದ ಫೈಲ್ ತೆರೆದರೆ ಏನಾಗುತ್ತದೆ?

ಬಟನ್ ಒತ್ತಿದರೆ ಕೆಲಸ ಮಾಡುವ ಫೈಲುಗಳಲ್ಲಿ ‘ಮ್ಯಾಕ್ರೊ’ ಎಂಬ ಸಣ್ಣ ಪ್ರೋಗ್ರಾಂ ಇರುತ್ತದೆ. ಬಿಲ್ ತೆಗೆಯುವ ಅದೇ ಮ್ಯಾಕ್ರೊ ನಿಮ್ಮ ಕಂಪ್ಯೂಟರಿಗೆ ವೈರಸ್ಸನ್ನೂ ತರಬಲ್ಲದು. 1999ರಲ್ಲಿ ಹರಡಿದ ಮೆಲಿಸ್ಸಾ ವೈರಸ್ ವರ್ಡ್ ಫೈಲಿನ ಮ್ಯಾಕ್ರೊದಲ್ಲೇ ಇತ್ತು. ಹೀಗಾಗಿಯೇ ಇಂಟರ್‌ನೆಟ್‌ನಿಂದ ಬಂದ ಫೈಲುಗಳ ಮ್ಯಾಕ್ರೊಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಯುತ್ತಿದೆ. ‘ಎನೇಬಲ್ ಕಂಟೆಂಟ್ ಒತ್ತಿ’ ಎಂದು ಸಂದೇಶದಲ್ಲೇ ಬರೆದಿದ್ದರೆ, ಮಾಡಿದವರು ಯಾರೆಂದು ಗೊತ್ತಾಗದೆ ಒತ್ತಬೇಡಿ.

ನಂಬಿಕೆ 5: ಶೀಟಿಗೆ ಪಾಸ್‌ವರ್ಡ್ ಹಾಕಿದ್ದೇವೆ, ಭದ್ರವಾಗಿದೆ

‘ಪ್ರೊಟೆಕ್ಟ್ ಶೀಟ್’ ಇರುವುದು ಯಾರೂ ಕೈತಪ್ಪಿ ಸೂತ್ರ ಅಳಿಸದಿರಲಿ ಎಂದು. ಅದು ಬೀಗವಲ್ಲ, ಬರೀ ಚಿಲಕ. ಫೈಲ್ ತೆರೆಯಲೇ ಪಾಸ್‌ವರ್ಡ್ ಕೇಳುವಂತೆ ಮಾಡುವುದು ಬೇರೆ, ಅದೇ ನಿಜವಾದ ಬೀಗ. ಆಧಾರ್ ಮತ್ತು ಖಾತೆ ಸಂಖ್ಯೆ ಇರುವ ಸದಸ್ಯರ ಪಟ್ಟಿಯನ್ನು ಗ್ರೂಪಿಗೆ ಹಾಕಲೇಬೇಡಿ.

ಹಾಗಾದರೆ ಎಕ್ಸೆಲ್ ಬೇಡವೇ?

ಬೇಕು. ಒಬ್ಬರೋ ಇಬ್ಬರೋ ಬರೆಯುವ, ಕೆಲವು ನೂರು ಜನರ ಲೆಕ್ಕಕ್ಕೆ ಧಾರಾಳ ಸಾಕು. ಈ ಐದು ಮಾತು ನೆನಪಿಡಿ:

• ಜಮೆ-ಖರ್ಚು ಬರೆಯುವ ಶೀಟ್ ಬೇರೆ, ವರದಿ ತೋರಿಸುವ ಶೀಟ್ ಬೇರೆ ಇರಲಿ. ಒಂದು ವ್ಯವಹಾರಕ್ಕೆ ಒಂದೇ ಸಾಲು.
• ಪ್ರತಿ ಸದಸ್ಯರಿಗೂ ಒಂದು ನಂಬರ್ ಕೊಡಿ. ಒಂದೇ ಊರಿನಲ್ಲಿ ಒಂದೇ ಹೆಸರಿನ ನಾಲ್ವರು ಇರುತ್ತಾರೆ.
• ಹೆಸರು, ಬೆಳೆ, ಸಾಮಾನು ಇವನ್ನು ಟೈಪ್ ಮಾಡದೆ ಪಟ್ಟಿಯಿಂದ ಆರಿಸುವಂತೆ ಮಾಡಿ. ‘ಗೋವಿನಜೋಳ’ ಮತ್ತು ‘ಗೋವಿನ ಜೋಳ’ ಎಕ್ಸೆಲ್‌ಗೆ ಎರಡು ಬೇರೆ ಬೆಳೆ.
• ಕನ್ನಡವನ್ನು ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು ಮೊಬೈಲಿನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ.
• ವಾರಕ್ಕೊಮ್ಮೆ ನಕಲು ತೆಗೆದು ಬೇರೆ ಕಡೆ ಇಡಿ. ತಿಂಗಳಿಗೊಮ್ಮೆ ಕಿರ್ದಿ ಪುಸ್ತಕದ ಜೊತೆ ತಾಳೆ ನೋಡಿ.

ಹಲವರು ಒಟ್ಟಿಗೆ ಬರೆಯಬೇಕಾದಾಗ, ‘ಯಾರು ಯಾವಾಗ ತಿದ್ದಿದರು’ ಎಂಬ ದಾಖಲೆ ಬೇಕಾದಾಗ ಡೇಟಾಬೇಸ್ ಆಧಾರಿತ ಸಾಫ್ಟ್‌ವೇರ್ ಬೇಕು. ನಮ್ಮ ರಾಜ್ಯದ ‘ಭೂಮಿ’ ಯೋಜನೆ ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಅದು ಗಣಕಕ್ಕೆ ತಂದಿತು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕು ಎಂಬ ನಿಯಮ ಇಟ್ಟಿತು. ಹಾಗೆಯೇ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಒಂದೇ ಸಾಫ್ಟ್‌ವೇರ್‌ಗೆ ತರುವ 2,516 ಕೋಟಿ ರೂಪಾಯಿ ಯೋಜನೆಗೆ ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ಕೊಟ್ಟಿತು.

ಒಟ್ಟಿನಲ್ಲಿ: ‘ಎಕ್ಸೆಲ್ ಇದ್ದರೆ ಸಾಕು’ ಎಂಬುದು ಅರ್ಧ ಸತ್ಯ. ಸಣ್ಣ ಲೆಕ್ಕಕ್ಕೆ ಸಾಕು, ಆದರೆ ತಾಳೆ ನೋಡುವ ಕಣ್ಣು ನಮ್ಮದೇ ಇರಬೇಕು. ಈ ಮಾತನ್ನು ನಿಮ್ಮ ಸಂಘದ ಲೆಕ್ಕ ಬರೆಯುವವರಿಗೆ ತಪ್ಪದೆ ಕಳುಹಿಸಿ, ಸದಸ್ಯರ ಪಟ್ಟಿಯನ್ನಲ್ಲ.