ತಾಮ್ರದ ಜೋಡಿಯಿಂದ ಗಾಜಿನ ಎಳೆಗೆ: ಕಲಬುರಗಿ, ಕಮಲಾಪುರದಲ್ಲಿ ಮನೆಯ ನೆಟ್ ಬದಲಾದ ಬಗೆ

ಮೊಬೈಲ್ ನಂಬರನ್ನು ಹಾಗೇ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿ 20ರಿಂದ ದೇಶದಾದ್ಯಂತ ಇದೆ. 1900ಕ್ಕೆ ‘ಪೋರ್ಟ್’ ಎಂದು ಒಂದು ಸಂದೇಶ ಕಳಿಸಿದರೆ ಕೆಲಸ ಶುರುವಾಗುತ್ತದೆ. ಮನೆಯ ಇಂಟರ್‌ನೆಟ್ಟಿಗೆ ಅಂಥ ಸೌಲಭ್ಯ ಬರಲೇ ಇಲ್ಲ. ನೆಟ್ ನಿಧಾನವಾಯಿತು, ಪದೇ ಪದೇ ಕಡಿಯಿತು ಎಂದು ಕಂಪನಿ ಬಿಡುವ ಮನೆಗೆ ಬೇರೆ ತಂತಿ, ಬೇರೆ ಡಬ್ಬಿ, ಬೇರೆ ಖಾತೆ ಬೇಕು. ಹೀಗಾಗಿ ಕಲಬುರಗಿ ನಗರದಲ್ಲಿ ಮತ್ತು ಅಲ್ಲಿಂದ 35–40 ಕಿ.ಮೀ. ದೂರದಲ್ಲಿ ಹುಮನಾಬಾದ್ ರಸ್ತೆಯ ಮೇಲಿರುವ ಕಮಲಾಪುರದಲ್ಲಿ ಮನೆಯ ನೆಟ್ ಬದಲಿಸುವ ಇತಿಹಾಸವೆಂದರೆ ಬಹುಮಟ್ಟಿಗೆ ಮನೆ ಬಾಗಿಲಿಗೆ ಎಷ್ಟು ತಂತಿ ಬಂದವು, ಯಾವಾಗ ಬಂದವು ಎಂಬುದರ ಇತಿಹಾಸ.

ಒಂದೇ ತಂತಿಯ ಕಾಲ

ಮುಂಬೈ–ರಾಯಚೂರು ರೈಲು ಹಳಿ 1871ರಲ್ಲಿ ಪೂರ್ಣಗೊಂಡಾಗ ಕಲಬುರಗಿ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಹಳಿಯ ಮಗ್ಗುಲಲ್ಲಿ ನೆಟ್ಟ ಕಂಬಗಳು ಈ ಸೀಮೆಗೆ ದೂರದ ಸುದ್ದಿ ತರುವ ತಂತಿಯನ್ನು ಹೊತ್ತಿದ್ದವು. 1948ರಲ್ಲಿ ಸಂಸ್ಥಾನ ಭಾರತದೊಂದಿಗೆ ವಿಲೀನವಾಯಿತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅಲ್ಲಿಂದ ಮುಂದೆ ದಶಕಗಳ ಕಾಲ ಟೆಲಿಫೋನ್ ಎಂದರೆ ಕೇಂದ್ರ ಸರ್ಕಾರದ ಇಲಾಖೆ, ಇಲಾಖೆ ಎಂದರೆ ಟೆಲಿಫೋನ್. ಅರ್ಜಿ ಹಾಕಿ, ಠೇವಣಿ ಇಟ್ಟು, ಸರದಿಗಾಗಿ ವರ್ಷಗಟ್ಟಲೆ ಕಾಯಬೇಕಿತ್ತು. ಪರವೂರಿಗೆ ಮಾತಾಡಲು ಟ್ರಂಕ್ ಕಾಲ್ ಬುಕ್ ಮಾಡಬೇಕಿತ್ತು. ಸೇವೆ ಸರಿಯಿಲ್ಲವೆಂದು ಬಿಟ್ಟುಹೋಗಲು ಬೇರೆ ಜಾಗವೇ ಇರಲಿಲ್ಲ.

ಸಣ್ಣ ಊರುಗಳ ಸ್ಥಿತಿ ಬದಲಾಗತೊಡಗಿದ್ದು ಗ್ರಾಮೀಣ ಎಕ್ಸ್‌ಚೇಂಜ್‌ಗಳಿಂದ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ, ಹವಾನಿಯಂತ್ರಣವಿಲ್ಲದೆಯೂ ಬಿಸಿಲು ಧೂಳು ತಾಳಿಕೊಳ್ಳುವ 128 ಲೈನುಗಳ ಪುಟ್ಟ ಎಕ್ಸ್‌ಚೇಂಜನ್ನು ರೂಪಿಸಿತು. ಅದನ್ನು ಮೊದಲು ಚಾಲನೆಗೊಳಿಸಿದ್ದು ಕರ್ನಾಟಕದ ಕಿತ್ತೂರಿನಲ್ಲಿ, 1986ರಲ್ಲಿ. ದೂರವಾಣಿ ಇಲಾಖೆಯ ನಕ್ಷೆಯಲ್ಲಿ ಕಮಲಾಪುರಕ್ಕೆ ತನ್ನದೇ ಸ್ಥಾನವಿತ್ತು: ಕಲಬುರಗಿಯ ಎಸ್‌ಟಿಡಿ ಸಂಕೇತ 08472 ಆದರೆ ಕಮಲಾಪುರದ್ದು 08478. ಕಂದಾಯ ಇಲಾಖೆಯ ನಕ್ಷೆಯಲ್ಲಿ ಅದು ಪ್ರತ್ಯೇಕ ತಾಲ್ಲೂಕಾಗಿ ಕಾಣಿಸಿಕೊಂಡದ್ದು ಎಷ್ಟೋ ಕಾಲದ ಮೇಲೆ, 2018ರಲ್ಲಿ. ಆದರೆ ಪ್ರತ್ಯೇಕ ಸಂಕೇತ ಇದ್ದ ಮಾತ್ರಕ್ಕೆ ಪ್ರತ್ಯೇಕ ಆಯ್ಕೆ ಇರಲಿಲ್ಲ. ಎರಡೂ ಊರಿನ ತಂತಿಗೆ ಒಡೆಯ ಒಬ್ಬನೇ.

ಡಯಲ್-ಅಪ್: ಕಂಪನಿ ಬೇರೆ, ತಂತಿ ಅದೇ

ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಡಲು ಆರಂಭಿಸಿದ್ದು ಮಹಾನಗರಗಳಲ್ಲಿ. 1998ರ ನವೆಂಬರಿನ ನೀತಿ ಅದರ ಏಕಸ್ವಾಮ್ಯವನ್ನು ಮುರಿದು ಖಾಸಗಿ ಕಂಪನಿಗಳಿಗೆ ದಾರಿ ತೆರೆಯಿತು. ಜಿಲ್ಲಾ ಕೇಂದ್ರಗಳ ಮನೆಗಳಿಗೆ ಹೆಚ್ಚು ಪರಿಚಿತವಾದ ಹೆಸರು ಸಂಚಾರ್‌ನೆಟ್. 2000ದ ಅಕ್ಟೋಬರ್ 1ರಂದು ಟೆಲಿಫೋನ್ ಇಲಾಖೆಯ ಸೇವೆಗಳನ್ನು ವಹಿಸಿಕೊಂಡ ಸರ್ಕಾರಿ ಕಂಪನಿ ಬಿಎಸ್‌ಎನ್‌ಎಲ್‌ನ ಇಂಟರ್‌ನೆಟ್ ಸೇವೆ ಅದು.

ಕಂಪ್ಯೂಟರ್ ಫೋನ್ ಮಾಡಿ, ಮೋಡೆಮ್ ಒಂದಿಷ್ಟು ಹೊತ್ತು ಕಿರುಗುಟ್ಟಿ, ಕೊನೆಗೆ ಸಂಪರ್ಕ ಸಿಗುತ್ತಿತ್ತು. ಅಷ್ಟು ಹೊತ್ತೂ ಮನೆಗೆ ಬರುವ ಕರೆಗಳಿಗೆ ಲೈನ್ ಎಂಗೇಜ್. ಸೆಕೆಂಡಿಗೆ 56 ಕಿಲೋಬಿಟ್ ಎಂಬ ಗರಿಷ್ಠ ವೇಗ ಪೂರ್ತಿ ಸಿಕ್ಕರೂ 5 ಎಂಬಿಯ ಒಂದು ಹಾಡು ಇಳಿಯಲು ಹತ್ತಿರ ಹತ್ತಿರ 12 ನಿಮಿಷ. ಮೂರು ನಿಮಿಷಕ್ಕೊಂದು ಲೋಕಲ್ ಕಾಲ್ ಎಂದು ಮೀಟರ್ ಓಡುತ್ತಿದ್ದರಿಂದ ಅದೊಂದು ಹಾಡಿಗೆ ನಾಲ್ಕು ಕಾಲ್‌ಗಳ ಖರ್ಚು. ಇಂಟರ್‌ನೆಟ್ ಗಂಟೆಗಳ ಪ್ಯಾಕಿನ ಬೆಲೆ ಅದಕ್ಕೆ ಮೇಲೆ.

ಹೊಸ ಪ್ಯಾಕ್ ಕೊಂಡು ಬೇರೆ ನಂಬರಿಗೆ ಡಯಲ್ ಮಾಡಿದರೆ ಕಂಪನಿ ಬದಲಿಸಿದಂತೆಯೇ. ಮನೆಯ ನೆಟ್ಟಿನ ಇತಿಹಾಸದಲ್ಲಿ ಇಷ್ಟು ಸುಲಭದ ಬದಲಾವಣೆ ಮತ್ತೆ ಬರಲಿಲ್ಲ. ಆದರೆ ಇಷ್ಟು ನಿರುಪಯುಕ್ತವಾದ ಬದಲಾವಣೆಯೂ ಇನ್ನೊಂದಿರಲಿಲ್ಲ. ಯಾರ ಪ್ಯಾಕ್ ಇದ್ದರೂ ಕರೆ ಹೋಗಬೇಕಾದದ್ದು ಅದೇ ತಾಮ್ರದ ಜೋಡಿಯ ಮೇಲೆ, ಅದೇ ಎಕ್ಸ್‌ಚೇಂಜಿನ ಮೂಲಕ. ಲೈನಿನಲ್ಲಿ ಗೊರಗೊರ ಸದ್ದಿದ್ದರೆ ಎಲ್ಲರ ನೆಟ್ಟೂ ಒಂದೇ ಸಮ ನಿಧಾನ.

ಬ್ರಾಡ್‌ಬ್ಯಾಂಡ್ ಮತ್ತು ಲೈನ್‌ಮನ್

2004ರ ಅಕ್ಟೋಬರಿನ ಬ್ರಾಡ್‌ಬ್ಯಾಂಡ್ ನೀತಿ, ಸೆಕೆಂಡಿಗೆ 256 ಕಿಲೋಬಿಟ್‌ಗಿಂತ ಕಡಿಮೆಯಿಲ್ಲದ, ಸದಾ ಚಾಲೂ ಇರುವ ಸಂಪರ್ಕಕ್ಕೆ ಬ್ರಾಡ್‌ಬ್ಯಾಂಡ್ ಎಂದು ಹೆಸರಿಟ್ಟಿತು. (ಈ ಕನಿಷ್ಠ ಮಿತಿ 2013ರಲ್ಲಿ 512 ಕಿಲೋಬಿಟ್‌ಗೂ 2023ರಲ್ಲಿ 2 ಮೆಗಾಬಿಟ್‌ಗೂ ಏರಿತು.) 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ‘ಡೇಟಾಒನ್’ ಆರಂಭಿಸಿತು. ಹಳೆಯ ಫೋನ್ ತಂತಿಯಲ್ಲೇ ಮಾತು ಮತ್ತು ಡೇಟಾ ಜೊತೆಜೊತೆಗೆ ಹರಿಯುವ ಎಡಿಎಸ್‌ಎಲ್ ಅದರ ತಂತ್ರ. ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ಬೆರಳುದ್ದದ ಸ್ಪ್ಲಿಟರ್ ಎರಡನ್ನೂ ಬೇರ್ಪಡಿಸುತ್ತಿತ್ತು. ನೆಟ್ ನಡೆಯುವಾಗಲೇ ಫೋನೂ ರಿಂಗಾಗತೊಡಗಿತು. 2007ರ ಹೊತ್ತಿಗೆ ವೇಗ 2 ಮೆಗಾಬಿಟ್ ಮುಟ್ಟಿತು. ಆದರೆ ಅಗ್ಗದ ಪ್ಲಾನುಗಳಲ್ಲಿ ತಿಂಗಳ ಬಳಕೆಗೆ ಮಿತಿಯಿತ್ತು. ಆ ವೇಗದಲ್ಲಿ 1 ಜಿಬಿ ಖಾಲಿಯಾಗಲು ಒಂದು ಗಂಟೆ ಚಿಲ್ಲರೆ ಸಾಕು. ಕೆಲವು ಪ್ಲಾನುಗಳಲ್ಲಿ ನಸುಕಿನ 2ರಿಂದ ಬೆಳಗಿನ 8ರವರೆಗೆ ಬಳಕೆ ಲೆಕ್ಕಕ್ಕಿರಲಿಲ್ಲ. ಎಷ್ಟೋ ಮನೆಗಳಲ್ಲಿ ಕಂಪ್ಯೂಟರ್ ರಾತ್ರಿಯಿಡೀ ಎಚ್ಚರವಿರುತ್ತಿತ್ತು.

ಎಡಿಎಸ್‌ಎಲ್‌ನ ದೌರ್ಬಲ್ಯ ದೂರ. ಎಕ್ಸ್‌ಚೇಂಜಿನಿಂದ ಮನೆ ದೂರವಾದಷ್ಟೂ ಸಂಕೇತ ಸೊರಗುತ್ತದೆ, ನಾಲ್ಕೈದು ಕಿ.ಮೀ. ದಾಟಿದರೆ ನಿಲ್ಲುವುದೇ ಕಷ್ಟ. ಇನ್ನೊಂದು ದೌರ್ಬಲ್ಯ ಜಾಯಿಂಟುಗಳು. ಕಲಬುರಗಿ ಸೀಮೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗಾಲದಲ್ಲಿ ಉಬ್ಬುತ್ತದೆ. ಹೂತ ಕೇಬಲ್ಲು ಅದರ ಜೊತೆ ಎಳೆದಾಡುತ್ತದೆ. ಬಿರಿದ ಜಾಯಿಂಟಿಗೆ ನೀರು ಹೊಕ್ಕರೆ ತಾಮ್ರ ಕಿಲುಬುಗಟ್ಟುತ್ತದೆ. ರಸ್ತೆ ಅಗಲ ಮಾಡಲು, ನೀರಿನ ಪೈಪ್ ಹಾಕಲು ಬಂದ ಜೆಸಿಬಿ ಒಮ್ಮೆ ಕೊಕ್ಕೆ ಹಾಕಿದರೆ ನೂರಾರು ಜೋಡಿ ಒಟ್ಟಿಗೆ ಹರಿದು, ಒಂದೊಂದನ್ನೂ ಗುರುತಿಸಿ ಕೂಡಿಸಲು ದಿನಗಳೇ ಬೇಕು. ಆದ್ದರಿಂದ ಬ್ರಾಡ್‌ಬ್ಯಾಂಡಿನ ನಿಜವಾದ ಗುಣಮಟ್ಟ ಲೈನ್‌ಮನ್‌ನ ಕೈಯಲ್ಲಿತ್ತು. 198ಕ್ಕೆ ದೂರು ಬರೆಸಿದ ಮೇಲೆ ತಂತಿಗಳನ್ನು ಮನೆಮನೆಗೆ ಹಂಚುವ ಯಾವ ಡಿಪಿ ಪೆಟ್ಟಿಗೆಯ ಯಾವ ಜೋಡಿ ಯಾವ ಮನೆಯದು ಎಂದು ಬಲ್ಲವ ಅವನೇ.

ಗುಣಮಟ್ಟಕ್ಕೆ ನಿಯಮವೂ ಬಂತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2006ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ನೂರಕ್ಕೆ 90ಕ್ಕಿಂತ ಹೆಚ್ಚು ದೋಷಗಳನ್ನು ಮರುದಿನದ ಕೆಲಸದ ಅವಧಿಯೊಳಗೆ, 99ನ್ನು ಮೂರು ಕೆಲಸದ ದಿನಗಳೊಳಗೆ ಸರಿಪಡಿಸಬೇಕಿತ್ತು. ಮೂರು ದಿನ ಮೀರಿದರೆ ಏಳು ದಿನದ, ಏಳು ದಿನ ಮೀರಿದರೆ ಹದಿನೈದು ದಿನದ, ಹದಿನೈದು ದಿನವೂ ಮೀರಿದರೆ ಒಂದು ತಿಂಗಳ ಬಾಡಿಗೆ ವಿನಾಯಿತಿ. ಬಿಟ್ಟುಹೋಗಲು ಬೇರೆ ತಂತಿಯಿಲ್ಲದ ಊರಿನಲ್ಲಿ ಗ್ರಾಹಕನ ಕೈಯಲ್ಲಿದ್ದ ಮುಖ್ಯ ಹತ್ಯಾರ ಇದೇ. ದೂರವಾಣಿ ದೂರುಗಳಿಗೆ ಗ್ರಾಹಕ ನ್ಯಾಯಾಲಯದ ಬಾಗಿಲು ಕೂಡ 2009ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಮುಚ್ಚಿಕೊಂಡಿತು. ಅದು ಮತ್ತೆ ತೆರೆದದ್ದು ಅದೇ ನ್ಯಾಯಾಲಯ 2022ರ ಫೆಬ್ರುವರಿಯಲ್ಲಿ ಕೊಟ್ಟ ಇನ್ನೊಂದು ತೀರ್ಪಿನಿಂದ.

ತಂತಿ ಬಿಟ್ಟವರು, ಗಾಜಿಗೆ ಬಂದವರು

ಮೊದಲ ದೊಡ್ಡ ವಲಸೆ ನಡೆದದ್ದು ತಂತಿಯಿಂದ ಗಾಳಿಗೆ. ಯುಎಸ್‌ಬಿ ಕಡ್ಡಿಯಂಥ ಡೇಟಾ ಕಾರ್ಡುಗಳು, 2010ರ ನಂತರ 3ಜಿ, 2016ರ ಸೆಪ್ಟೆಂಬರ್ 5ರಂದು ಬಂದ ಜಿಯೋ 4ಜಿ, ಒಂದೊಂದೂ ಒಂದಷ್ಟು ಮನೆಗಳನ್ನು ಲ್ಯಾಂಡ್‌ಲೈನಿನಿಂದ ಬಿಡಿಸಿಕೊಂಡು ಹೋದವು. ದೇಶದಲ್ಲಿ 2006ರಲ್ಲಿ 4 ಕೋಟಿ ಮೀರಿದ್ದ ಸ್ಥಿರ ದೂರವಾಣಿಗಳು 2020ರ ವೇಳೆಗೆ 2 ಕೋಟಿಯ ಆಸುಪಾಸಿಗೆ ಇಳಿದವು. ಆ ವರ್ಷದ ಜನವರಿ 31ರಂದು ಬಿಎಸ್‌ಎನ್‌ಎಲ್‌ನ ಸುಮಾರು 78 ಸಾವಿರ ನೌಕರರು ಸ್ವಯಂ ನಿವೃತ್ತಿ ಪಡೆದರು. ಅದರ ಸಿಬ್ಬಂದಿಯಲ್ಲಿ ಇದು ಸುಮಾರು ಅರ್ಧ. ಡಿಪಿ ಪೆಟ್ಟಿಗೆಯ ಜಾಡು ಬಲ್ಲ ಒಂದು ತಲೆಮಾರೇ ಒಂದೇ ದಿನ ಕೆಲಸದಿಂದ ಹೊರಬಂತು.

ಎರಡನೆಯ ವಲಸೆ ಗಾಜಿನ ಎಳೆಗೆ, ಅಂದರೆ ಫೈಬರ್‌ಗೆ. ಅದನ್ನು ಗಲ್ಲಿಗಲ್ಲಿಗೆ ಮುಟ್ಟಿಸಿದವರಲ್ಲಿ ಕೇಬಲ್ ಟಿವಿಯವರು ಮುಖ್ಯರು. ಡಿಟಿಎಚ್ ಮತ್ತು ಮೊಬೈಲಿನಿಂದ ಗಿರಾಕಿ ಕಳೆದುಕೊಳ್ಳುತ್ತಿದ್ದ ಅವರ ಕೈಯಲ್ಲಿ ಎರಡು ಆಸ್ತಿಗಳಿದ್ದವು: ಕಂಬದಿಂದ ಕಂಬಕ್ಕೆ ಕೇಬಲ್ ಎಳೆದ ಅನುಭವ ಮತ್ತು ಪ್ರತಿ ಮನೆಯ ಪರಿಚಯ. ಬಿಎಸ್‌ಎನ್‌ಎಲ್ ತನ್ನ ‘ಭಾರತ್ ಫೈಬರ್’ ಸೇವೆಗೆ ಇಂಥ ಸ್ಥಳೀಯರನ್ನೇ ಆದಾಯ ಹಂಚಿಕೆಯ ಪಾಲುದಾರರನ್ನಾಗಿ ಮಾಡಿಕೊಂಡಿತು. ರೈಲ್ವೆಯ ರೈಲ್‌ಟೆಲ್ ತನ್ನ ‘ರೈಲ್‌ವೈರ್’ ಸೇವೆಯಲ್ಲೂ ಇದೇ ಹಾದಿ ಹಿಡಿಯಿತು. 2019ರ ಸೆಪ್ಟೆಂಬರಿನಲ್ಲಿ ಜಿಯೋಫೈಬರ್ ಆರಂಭವಾಯಿತು.

ಫೈಬರಿನ ರಿಪೇರಿ ತಾಮ್ರದ್ದಕ್ಕಿಂತ ಪೂರ್ತಿ ಬೇರೆ. ಮನೆಯ ಡಬ್ಬಿಯಲ್ಲಿ ‘ಲಾಸ್’ ಎಂದು ಬರೆದ ಕೆಂಪು ದೀಪ ಹೊತ್ತಿಕೊಂಡರೆ ಬೆಳಕು ಬರುತ್ತಿಲ್ಲ ಎಂದರ್ಥ. ‘ಕೆಂಪು ಲೈಟ್ ಬಂದದ ನೋಡ್ರಿ’ ಎಂಬ ಒಂದು ಮಾತಿಗೆ ಕೆಲಸದವನಿಗೆ ಅರ್ಧ ವಿಷಯ ತಿಳಿಯುತ್ತದೆ. ಅವನು ಮೊದಲು ಪವರ್ ಮೀಟರಿನಲ್ಲಿ ಬೆಳಕಿನ ಬಲ ಅಳೆಯುತ್ತಾನೆ. ಅದು ಮೈನಸ್ 27 ಡಿಬಿಎಂಗಿಂತ ಕೆಳಗಿದ್ದರೆ ಡಬ್ಬಿ ಸಂಕೇತ ಹಿಡಿಯುವುದು ಕಷ್ಟ. ಎಳೆ ತುಂಡಾದ ಜಾಗ ಹುಡುಕಿ, ಹೊದಿಕೆ ಸುಲಿದು, ಸ್ಪಿರಿಟ್ಟಿನಲ್ಲಿ ಒರೆಸಿ, ನೇರವಾಗಿ ಕತ್ತರಿಸಿ, ಸ್ಪ್ಲೈಸಿಂಗ್ ಯಂತ್ರದಲ್ಲಿ ಎರಡು ತುದಿಗಳನ್ನು ಎದುರುಬದುರು ಇಡುತ್ತಾನೆ. ಕೂದಲೆಳೆಯಷ್ಟು, ಅಂದರೆ 125 ಮೈಕ್ರಾನ್ ದಪ್ಪದ ಗಾಜು ಕಿಡಿಯ ಶಾಖಕ್ಕೆ ಕರಗಿ ಒಂದಾಗುತ್ತದೆ. ಎಳೆಯೊಂದಕ್ಕೆ ಹಿಡಿಯುವುದು ಕೆಲವೇ ನಿಮಿಷ. ದಿನಗಟ್ಟಲೆ ತಡವಾದರೆ ಕಾರಣ ಸಾಮಾನ್ಯವಾಗಿ ಯಂತ್ರದ್ದಲ್ಲ, ಅದನ್ನು ಹಿಡಿದು ಬರುವವನದು.

ಕಂಬಗಳದ್ದೂ ಒಂದು ಕಥೆ. ನಗರದ ವಿದ್ಯುತ್ ಕಂಬಗಳು 2002ರಲ್ಲಿ ಸ್ಥಾಪನೆಯಾದ ವಿದ್ಯುತ್ ಸರಬರಾಜು ಕಂಪನಿ ಜೆಸ್ಕಾಂನವು. ಅವುಗಳ ಮೇಲೆ ಹಲವು ಕಂಪನಿಗಳ ಕಪ್ಪು ಕೇಬಲ್ಲುಗಳು ಒಂದರ ಮೇಲೊಂದು ಸುತ್ತಿಕೊಂಡಿರುತ್ತವೆ. ಕಂಬ ಬದಲಾದರೆ, ಮರದ ಕೊಂಬೆ ಮುರಿದು ಬಿದ್ದರೆ, ಎತ್ತರದ ಲಾರಿ ತಗುಲಿದರೆ ಎಲ್ಲ ಕಂಪನಿಗಳ ಗಿರಾಕಿಗಳಿಗೂ ಏಕಕಾಲಕ್ಕೆ ಕೆಂಪು ದೀಪ. ನೆಲ ಅಗೆಯುವವರು ಮೊದಲೇ ತಿಳಿಸಲೆಂದು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಒಂದು ಆ್ಯಪ್ ತಂದಿತು. ಅದು ಹೂತ ಕೇಬಲ್ಲಿಗೆ ಕಾವಲು, ತೂಗುವ ಕೇಬಲ್ಲಿಗಲ್ಲ.

2020ರ ತಿರುವು ಮತ್ತು ಕಮಲಾಪುರ

ಕೋವಿಡ್‌ನಿಂದ ದೇಶದಲ್ಲಿ ದಾಖಲಾದ ಮೊದಲ ಸಾವು 2020ರ ಮಾರ್ಚ್‌ನಲ್ಲಿ ಕಲಬುರಗಿಯದು. ಲಾಕ್‌ಡೌನ್ ಬಂದ ಮೇಲೆ ಶಾಲೆ, ಕಾಲೇಜು, ಬೆಂಗಳೂರು–ಹೈದರಾಬಾದಿನ ಕಚೇರಿ ಕೆಲಸ ಎಲ್ಲವೂ ಮನೆಯ ಕೋಣೆಗೆ ಬಂದವು. ಅಲ್ಲಿಯವರೆಗೆ ನೆಟ್ ಎಂದರೆ ಕೆಳಗಿಳಿಸಿಕೊಳ್ಳುವ ವೇಗ. ವಿಡಿಯೊ ತರಗತಿ ಶುರುವಾದ ಮೇಲೆ ಮೇಲಕ್ಕೆ ಕಳಿಸುವ ವೇಗವೂ ಅಷ್ಟೇ ಮುಖ್ಯವಾಯಿತು. ಎಡಿಎಸ್‌ಎಲ್ ಹುಟ್ಟಿನಿಂದಲೇ ಆ ಬದಿಯಲ್ಲಿ ಕುಂಟು. ತಾಮ್ರ ಬಿಡಲು ಹಿಂದೆಮುಂದೆ ನೋಡುತ್ತಿದ್ದವರಿಗೆ ಈ ಕೊರತೆಯೇ ಸಾಕಾಯಿತು.

ಕಮಲಾಪುರದಲ್ಲಿ ಕ್ರಮ ಬೇರೆ. ಕೆಂಪು ಬಾಳೆಗೆ ಹೆಸರಾದ, ಗುಡ್ಡ–ಕಣಿವೆ, ತಾಂಡಾಗಳ ಈ ಸೀಮೆಯಲ್ಲಿ ಎಕ್ಸ್‌ಚೇಂಜಿನಿಂದ ಮನೆಗಳ ದೂರವೇ ಎಡಿಎಸ್‌ಎಲ್‌ಗೆ ಅಡ್ಡಿ. ಆದ್ದರಿಂದ ಬಹಳ ಮನೆಗಳು ತಾಮ್ರದ ಬ್ರಾಡ್‌ಬ್ಯಾಂಡನ್ನು ಕಾಣದೆಯೇ ಮೊಬೈಲ್ ನೆಟ್ಟಿಗೆ ಬಂದವು. 2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎನಿಸಿಕೊಂಡ ಕೇಂದ್ರ ಯೋಜನೆ ಫೈಬರನ್ನು ಗ್ರಾಮ ಪಂಚಾಯಿತಿಗಳಿಗೆ ಒಯ್ಯಲು ಹೊರಟಿತು. ಪಂಚಾಯಿತಿ ಕಟ್ಟೆಯಿಂದ ಮನೆಯ ಹೊಸ್ತಿಲಿನವರೆಗಿನ ಎಳೆ ಸ್ಥಳೀಯರ ಕೆಲಸವಾಗಿಯೇ ಉಳಿಯಿತು. ಒಂದು ಬಿಂದುವಿನಿಂದ 20 ಕಿ.ಮೀ.ವರೆಗೆ ಬೆಳಕು ಒಯ್ಯಬಲ್ಲ ಫೈಬರಿಗೆ ಇಲ್ಲಿನ ದೂರ ದೊಡ್ಡದಲ್ಲ. ಅಷ್ಟು ಉದ್ದದ ಎಳೆಯನ್ನು ಕೆಲವೇ ಗಿರಾಕಿಗಳಿಗಾಗಿ ಎಳೆದು ಕಾಯುವ ಖರ್ಚು ಮಾತ್ರ ದೊಡ್ಡದು. ಕಲಬುರಗಿಯ ಒಂದು ಬಡಾವಣೆಗೆ ಮೂರು ಕಂಪನಿ ಬಂದರೆ ಇಂಥ ಊರಿಗೆ ಒಂದು ಬರಲೂ ಹಿಂಜರಿಯುವುದು ಇದಕ್ಕೇ.

ಬದಲಿಸುವ ಕ್ರಮ

ಎರಡೂ ಕಡೆ ರೂಢಿಯಾದ ಕ್ರಮ ಸುಮಾರಾಗಿ ಒಂದೇ. ಮೊದಲು ನೆರೆಮನೆಯಲ್ಲಿ ವಿಚಾರಣೆ: ಯಾರದು ನಡೆಯುತ್ತದೆ, ಕೆಟ್ಟಾಗ ಯಾರು ಬರುತ್ತಾರೆ. ಆಮೇಲೆ ಹೊಸ ಲೈನ್ ಹಾಕಿಸಿ, ಒಂದೆರಡು ವಾರ ಎರಡನ್ನೂ ಇಟ್ಟುಕೊಂಡು ಸಂಜೆಯ ಹೊತ್ತಿನ ವೇಗ ನೋಡುವುದು. ಕೊನೆಗೆ ಹಳೆಯ ಬಾಕಿ ತೀರಿಸಿ, ಬಾಡಿಗೆಯ ಡಬ್ಬಿ ಮರಳಿಸಿ, ಠೇವಣಿ ವಾಪಸ್ ಪಡೆದು, ಸಂಪರ್ಕ ಮುಚ್ಚಿದ್ದಕ್ಕೆ ರಸೀದಿ ಇಸಿದುಕೊಳ್ಳುವುದು. ಆರು ತಿಂಗಳ ಅಥವಾ ವರ್ಷದ ಹಣ ಮುಂಗಡ ಕಟ್ಟಿದ ಮನೆಗಳು ಅವಧಿ ಮುಗಿಯುವವರೆಗೆ ಸಹಿಸಿಕೊಳ್ಳುತ್ತವೆ. ಹಳೆಯ ಲ್ಯಾಂಡ್‌ಲೈನ್ ನಂಬರ್ ಊರೆಲ್ಲ ಗೊತ್ತಿರುವ ಅಂಗಡಿ, ದವಾಖಾನೆಗಳು ನಂಬರಿಗಾಗಿಯೇ ಹಳೆಯ ಲೈನ್ ಉಳಿಸಿಕೊಂಡದ್ದೂ ಉಂಟು.

ಬದಲಾವಣೆ ಫಲ ಕೊಡುವುದು ದೋಷ ಎಲ್ಲಿದೆ ಎಂಬುದರ ಮೇಲೆ. ದೋಷ ಮನೆಯ ವೈಫೈಯದಾದರೆ ಯಾವ ಕಂಪನಿಯೂ ಅದನ್ನು ನೀಗಿಸದು. ದಪ್ಪ ಕಲ್ಲುಗೋಡೆಯ ಹಳೆಯ ಮನೆಗಳಲ್ಲಿ ಸಂಕೇತ ಪಕ್ಕದ ಕೋಣೆಗೇ ದಾಟುವುದಿಲ್ಲ. ದೋಷ ಗಲ್ಲಿಯ ಎಳೆಯಲ್ಲಿದ್ದರೆ ಬದಲಾವಣೆ ನಿಜಕ್ಕೂ ಉಪಕಾರಿ. ಒಂದು ಎಳೆಯ ಸುಮಾರು 2.5 ಗಿಗಾಬಿಟ್ ವೇಗವನ್ನು 32 ಅಥವಾ 64 ಮನೆಗಳು ಸ್ಪ್ಲಿಟರ್ ಮೂಲಕ ಹಂಚಿಕೊಳ್ಳುವುದರಿಂದ, ಗಿರಾಕಿ ಕಡಿಮೆಯಿರುವ ಕಡೆ ವೇಗ ಹೆಚ್ಚು ಸಿಗಬಹುದು. ದೋಷ ಊರಾಚೆಯ ಮುಖ್ಯ ಮಾರ್ಗದಲ್ಲಿದ್ದು, ಹಳೆಯ ಮತ್ತು ಹೊಸ ಕಂಪನಿಗಳೆರಡೂ ಅದೇ ಮಾರ್ಗ ಬಾಡಿಗೆ ಪಡೆದಿದ್ದರೆ ಬಿಲ್ಲಿನ ಮೇಲಿನ ಹೆಸರಷ್ಟೇ ಬದಲಾಗುತ್ತದೆ. ಡಯಲ್-ಅಪ್ ಕಾಲದ ಸ್ಥಿತಿಯೇ ಮರುಕಳಿಸುತ್ತದೆ.

2023ರಲ್ಲಿ ಏರ್‌ಟೆಲ್ ಮತ್ತು ಜಿಯೋ ಕಂಪನಿಗಳು ಆರಂಭಿಸಿದ ಏರ್‌ಫೈಬರ್, 5ಜಿ ಸಂಕೇತವನ್ನು ಮಾಳಿಗೆಯ ಮೇಲಿನ ಪೆಟ್ಟಿಗೆಯಿಂದ ಹಿಡಿದು ಮನೆಗಿಳಿಸುತ್ತದೆ. ಇದಕ್ಕೆ ಗಲ್ಲಿಯ ಕೇಬಲ್ಲೂ ಬೇಡ, ಕಂಬವೂ ಬೇಡ. ಹತ್ತಿರದಲ್ಲಿ ಟವರ್ ಇರಬೇಕು, ಅದಕ್ಕೆ ಕರೆಂಟ್ ಇರಬೇಕು. 2024ರ ಅಕ್ಟೋಬರ್ 1ರಿಂದ ಟ್ರಾಯ್‌ನ ಹೊಸ ಗುಣಮಟ್ಟ ನಿಯಮಗಳು 2006ರ ನಿಯಮಗಳ ಜಾಗಕ್ಕೆ ಬಂದು ತಂತಿ ಮತ್ತು ನಿಸ್ತಂತು ಸೇವೆಗಳನ್ನು ಒಂದೇ ಚೌಕಟ್ಟಿಗೆ ತಂದಿವೆ. ಮನೆಯ ಸಂಪರ್ಕವನ್ನು ಮೊಬೈಲ್ ನಂಬರಿನಂತೆ ಎತ್ತಿಕೊಂಡು ಹೋಗುವ ಸೌಲಭ್ಯ ಮಾತ್ರ ಈ ನಿಯಮಗಳಲ್ಲೂ ಇಲ್ಲ.