ಕಥೆಯ ರೋಬಾಟ್, ತೆರೆಯ ರೋಬಾಟ್

ಐಸಾಕ್ ಅಸಿಮೋವ್ 1947ರಲ್ಲಿ ಬರೆದ ‘ಲಿಟಲ್ ಲಾಸ್ಟ್ ರೋಬಾಟ್’ ಕಥೆಯಲ್ಲಿ ಸಿಟ್ಟಿಗೆದ್ದ ಸಂಶೋಧಕನೊಬ್ಬ ರೋಬಾಟ್‌ಗೆ ಎಲ್ಲಾದರೂ ಹಾಳಾಗಿ ಹೋಗೆಂದು ಬೈಯುತ್ತಾನೆ. ಅದು ಬೈಗುಳವನ್ನೇ ಅಪ್ಪಣೆಯೆಂದು ತಿಳಿದು, ಥೇಟ್ ತನ್ನಂತಿರುವ 62 ರೋಬಾಟ್‌ಗಳ ನಡುವೆ ಅಡಗಿಬಿಡುತ್ತದೆ. ರೋಬಾಟ್ ಮನೋವಿಜ್ಞಾನಿ ಸೂಸನ್ ಕ್ಯಾಲ್ವಿನ್ ಒಂದರ ಹಿಂದೊಂದು ಪರೀಕ್ಷೆ ಒಡ್ಡುತ್ತಾಳೆ. ಕೊನೆಗೆ ಜಾಣತನದ ಜಂಬವೇ ಅದನ್ನು ಹಿಡಿದುಕೊಡುತ್ತದೆ. 2004ರ ‘ಐ, ರೋಬಾಟ್’ ಚಿತ್ರದಲ್ಲೂ ಇಂಥದೇ ಸನ್ನಿವೇಶವಿದೆ. ಅಲ್ಲಿ ವಿಲ್ ಸ್ಮಿತ್ ಪಿಸ್ತೂಲು ತೆಗೆದು ಸಾಲಾಗಿ ನಿಂತವುಗಳ ತಲೆಗೆ ಗುಂಡು ಹೊಡೆಯುತ್ತಾನೆ, ಅಡಗಿದ್ದದ್ದು ಓಡುತ್ತದೆ. ಯೋಚನೆಯಿದ್ದ ಜಾಗಕ್ಕೆ ಗುಂಡು ಬಂದಿದೆ. ಆ ಚಿತ್ರ ಹುಟ್ಟಿದ್ದೇ ಜೆಫ್ ವಿಂಟಾರ್ ಬರೆದ ‘ಹಾರ್ಡ್‌ವೈರ್ಡ್’ ಎಂಬ ಬೇರೊಂದು ಚಿತ್ರಕಥೆಯಿಂದ. ಅಸಿಮೋವರ ಹೆಸರು, ಪಾತ್ರ, ನಿಯಮಗಳು ಆಮೇಲೆ ಸೇರಿಕೊಂಡವು.

ಯಂತ್ರಗಳು ದಂಗೆಯೇಳುವ ಕಥೆ ಕಾರೆಲ್ ಚಾಪೆಕ್‌ನ ‘ಆರ್.ಯು.ಆರ್.’ ನಾಟಕದ ಕಾಲದ್ದು. ಅದು 1921ರಲ್ಲಿ ಪ್ರಾಗ್‌ನಲ್ಲಿ ರಂಗವೇರಿತು. ಆ ಭಯಕ್ಕೆ ಉತ್ತರವಾಗಿಯೇ ಅಸಿಮೋವ್ 1942ರಲ್ಲಿ ಮನುಷ್ಯನಿಗೆ ಹಾನಿ ಮಾಡದಂತೆ ರೋಬಾಟ್ ಅನ್ನು ಕಟ್ಟಿಹಾಕುವ ಮೂರು ನಿಯಮಗಳನ್ನು ಬರೆದರು. ‘ಐ, ರೋಬಾಟ್’ ಸಿನಿಮಾ ಮತ್ತೆ ಚಾಪೆಕ್‌ನ ದಂಗೆಗೇ ಮರಳಿತು.

ಬದಲಾವಣೆಯೇ ತಪ್ಪೆಂದು ನಾನು ಹೇಳುವುದಿಲ್ಲ. ಸೊರಬದ ಗುಡಿಗಾರರು ತಲೆಮಾರುಗಳಿಂದ ಗಂಧದ ಮರದಲ್ಲಿ ಗಣಪತಿಯನ್ನು ಕೆತ್ತುತ್ತ ಬಂದಿದ್ದಾರೆ. ಕೈ ಬದಲಾದಂತೆ ಭಂಗಿ ಬದಲಾದರೂ ಗಣಪತಿ ಗಣಪತಿಯೇ. ‘ಬ್ಲೇಡ್ ರನ್ನರ್’ (1982) ಫಿಲಿಪ್ ಕೆ. ಡಿಕ್ ಕಾದಂಬರಿಯ ಬಹುಭಾಗವನ್ನು ಕೈಬಿಟ್ಟಿತು. ಮನುಷ್ಯನೆಂದರೆ ಯಾರು ಎಂಬ ಪ್ರಶ್ನೆಯನ್ನು ಬಿಡಲಿಲ್ಲ. ಸ್ಪೀಲ್‌ಬರ್ಗ್‌ರ ‘ಎ.ಐ.’ (2001) ಬ್ರಯನ್ ಆಲ್ಡಿಸ್‌ರ ಪುಟ್ಟ ಕಥೆಗೆ ಪಿನೋಕಿಯೋನನ್ನು ಕೂಡಿಸಿ ಹಿಗ್ಗಿಸಿತು. ತಾಯಿಗಾಗಿ ಹಂಬಲಿಸುವ ಯಂತ್ರಬಾಲಕನ ಸಂಕಟ ಹಾಗೇ ಉಳಿಯಿತು.

ಕನ್ನಡದಲ್ಲಿ 2002ರ ‘ಹಾಲಿವುಡ್’ ಬಂದಾಗ ಅದು ದೊಡ್ಡ ಸಾಹಸ. ದಿನೇಶ್ ಬಾಬು ನಿರ್ದೇಶನ, ಮೂರು ಪಾತ್ರಗಳಲ್ಲಿ ಉಪೇಂದ್ರ. ತನ್ನನ್ನು ಸೃಷ್ಟಿಸಿದವನು ಮೆಚ್ಚಿದ ಹುಡುಗಿಯನ್ನೇ ಯಂತ್ರವೂ ಪ್ರೀತಿಸುತ್ತದೆ. 2010ರ ತಮಿಳಿನ ‘ಎಂದಿರನ್’ ಕೂಡ ಇದೇ ಎಳೆಯನ್ನು ಹಿಡಿಯಿತು. ಅದರ ಬರವಣಿಗೆಯಲ್ಲಿ ಕೈಯಿದ್ದ ತಮಿಳು ಲೇಖಕ ಸುಜಾತಾ ಬೆಂಗಳೂರಿನ ಬಿಇಎಲ್‌ನಲ್ಲಿ ದುಡಿದ ಎಂಜಿನಿಯರ್; ಮತಯಂತ್ರದ ತಯಾರಿಕೆಯಲ್ಲೂ ಪಾಲುಗೊಂಡವರು. ಅವರ ಕಾದಂಬರಿಯ ರೋಬಾಟ್ ನಾಯಿ ಜೀನೋ ಪುಸ್ತಕ ಓದುತ್ತದೆ, ತರ್ಕ ಮಾಡುತ್ತದೆ. ‘ಎಂದಿರನ್’ ತೆರೆಯ ರೋಬಾಟ್ ಚಿಟ್ಟಿಗೆ ಕೊನೆಯಲ್ಲಿ ದಕ್ಕಿದ್ದು ಗುಂಡುಗಳ ಮಳೆ.

ನನಗೆ ಹೆಚ್ಚು ಹಿಡಿಸಿದ್ದು ಮಲಯಾಳದ ‘ಆಂಡ್ರಾಯ್ಡ್ ಕುಂಜಪ್ಪನ್’ (2019). ಕಾಸರಗೋಡು ಜಿಲ್ಲೆಗೆ ಹೊಂದಿಕೊಂಡ ಪಯ್ಯನ್ನೂರಿನಲ್ಲಿ, ಮಗ ರಷ್ಯಾ ಸೇರಿದ ಮೇಲೆ ಯಂತ್ರಗಳನ್ನೇ ಒಲ್ಲದ ಮುದುಕನ ಜೊತೆಗಿರುವುದು ಒಂದು ರೋಬಾಟ್. ಅಸಿಮೋವರ ಯಾವ ಕಥೆಯನ್ನೂ ಅದು ಆಧರಿಸಿಲ್ಲ. ಆದರೂ ಮಗುವನ್ನು ಆಡಿಸುವ ಅವರ ‘ರಾಬಿ’ಗೆ, ಅವರದೇ ಹೆಸರು ಹೊತ್ತ ಚಿತ್ರಕ್ಕಿಂತ ಇದೇ ಹತ್ತಿರ.

ಸೊರಬ, ಶಿಕಾರಿಪುರದ ಎಷ್ಟೋ ತೋಟದ ಮನೆಗಳಲ್ಲೂ ಮಕ್ಕಳು ಬೆಂಗಳೂರು ಸೇರಿ, ಹಿರಿಯರಷ್ಟೇ ಉಳಿದಿದ್ದಾರೆ. ರಾಜಶೇಖರ ಭೂಸನೂರಮಠರಂಥ ವಿಜ್ಞಾನ ಕಥೆಗಾರರು ಕನ್ನಡದಲ್ಲೇ ಆಗಿಹೋಗಿದ್ದಾರೆ. ನಮ್ಮ ನಿರ್ದೇಶಕರು ಮುಂದಿನ ರೋಬಾಟ್ ಚಿತ್ರಕ್ಕೆ ಗ್ರಾಫಿಕ್ಸ್‌ನವರನ್ನು ಹುಡುಕುವ ಮೊದಲು ಈ ಕಥೆಗಳನ್ನು ಓದಲಿ, ಈ ಮನೆಗಳನ್ನು ನೋಡಲಿ.