ಬಾವಿ ಮುಚ್ಚಿಕೊಳ್ಳಿ ಎಂದವರು

ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳಲ್ಲಿ ನೀರಿಗೆ ಹಲವು ಹೆಸರುಗಳಿವೆ. ಅಂಗಳದ ಬಾವಿ, ತೋಟದ ಕೆರೆ, ಮಳೆನೀರು ತಡೆಯುವ ಮದಕ, ತೋಡಿಗೆ ಅಡ್ಡ ಹಾಕುವ ಕಟ್ಟ, ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗ. ಕೊಳವೆಬಾವಿಗಳು ಬರುವ ಮೊದಲು ಮನೆಯ ಕೊಡಪಾನ, ಮಸೀದಿಯ ಕೊಳ, ದೇವಸ್ಥಾನದ ಕೆರೆ ಎಲ್ಲವೂ ತುಂಬುತ್ತಿದ್ದುದು ಈ ನೀರಿನಿಂದಲೇ. ಗುಡ್ಡದ ನೆತ್ತಿಯ ಮೇಲೆ ಏನು ಸುರಿದರೂ ಅದು ಕೆಳಗಿನವರ ಬಾವಿಯ ಕಡೆಗೇ ಹೊರಟಿರುತ್ತದೆ. ಎಂಡೋಸಲ್ಫಾನಿನ ಚರಿತ್ರೆಯನ್ನು ನಾವು ಇಲ್ಲಿಂದ ಓದಬೇಕು.

ಗಡಿಯಾಚೆಯ ಕಾಸರಗೋಡಿನಲ್ಲಿ ಕೇರಳ ಪ್ಲಾಂಟೇಶನ್ ನಿಗಮದ ಸುಮಾರು 4,600 ಹೆಕ್ಟೇರ್ ಗೇರುತೋಪಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಈ ಕೀಟನಾಶಕವನ್ನು ಸಿಂಪಡಿಸಲಾಯಿತು. ನಮ್ಮ ಕಡೆ 1978ರಲ್ಲಿ ಸ್ಥಾಪನೆಯಾದ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಪುಗಳಲ್ಲೂ ಎಂಬತ್ತರ ದಶಕದಿಂದ ಇದೇ ನಡೆಯಿತು. ಗೇರಿನ ಚಿಗುರು, ಹೂವುಗಳ ರಸ ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲುವುದು ಉದ್ದೇಶ. ಹೆಲಿಕಾಪ್ಟರ್ ಬಂದರೆ ಮಕ್ಕಳು ಅಂಗಳಕ್ಕೆ ಓಡಿ ಬಂದು ಆಕಾಶ ನೋಡುತ್ತಿದ್ದ ಕಾಲವದು.

ಸಿಂಪಡಣೆಗೆ ಮೊದಲು ಬಾವಿಗಳನ್ನು ಮುಚ್ಚಬೇಕು ಎಂಬ ನಿಯಮವೇನೋ ಇತ್ತು. ಬಾವಿಗೆ ಮಡಲು ಹೊದೆಸಬಹುದು. ಸುರಂಗದ ಬಾಯಿಗೆ, ಹರಿಯುವ ತೋಡಿಗೆ, ದನ ನೀರು ಕುಡಿಯುವ ಮದಕಕ್ಕೆ ಏನನ್ನು ಹೊದೆಸುವುದು? ಮಣ್ಣಿಗೆ ಬಿದ್ದದ್ದನ್ನು ಮುಂದಿನ ಮಳೆ ತೊಳೆದು ತಂದಾಗ ಮುಚ್ಚಳ ಯಾವ ಪ್ರಯೋಜನಕ್ಕೆ? ವಿಷ ಸುರಿಯುವವರ ಹೊಣೆಯನ್ನು ನೀರು ಕುಡಿಯುವವರ ತಲೆಗೆ ಕಟ್ಟಿದ ನಿಯಮ ಇದು.

ಎಂಡೋಸಲ್ಫಾನ್ ಕ್ಲೋರಿನ್ ಸೇರಿದ ಸಾವಯವ ರಾಸಾಯನಿಕ. ‘ಸಾವಯವ’ ಎಂದೊಡನೆ ನಮಗೆ ಗೊಬ್ಬರದ ನೆನಪಾಗುತ್ತದೆ. ಇಲ್ಲಿ ಅದರ ಅರ್ಥ ಇಂಗಾಲದಿಂದ ಕಟ್ಟಿದ ಅಣು ಎಂದಷ್ಟೆ. ಅದು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಮಣ್ಣಿನ ಕಣಕ್ಕೆ, ಕೆಸರಿಗೆ ಅಂಟಿಕೊಂಡು ಸಾಗುತ್ತದೆ. ಒಡೆದು ಎಂಡೋಸಲ್ಫಾನ್ ಸಲ್ಫೇಟ್ ಆಗಿ ಇನ್ನೂ ದೀರ್ಘಕಾಲ ಉಳಿಯುತ್ತದೆ. ಹೆಚ್ಚು ಪ್ರಮಾಣದಲ್ಲಿ ದೇಹ ಸೇರಿದರೆ ನರಮಂಡಲಕ್ಕೆ ಪೆಟ್ಟು ಬಿದ್ದು ಅಪಸ್ಮಾರದಂಥ ಸೆಳೆತ ಬರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಇದರ ಪ್ರತಿಯೊಂದು ರೂಪದ ಮಿತಿ ಲೀಟರಿಗೆ 0.4 ಮೈಕ್ರೋಗ್ರಾಂ. ಅಷ್ಟು ಅಲ್ಪವನ್ನು ಕಣ್ಣು, ಮೂಗು, ನಾಲಗೆ ಯಾವುದೂ ಗುರುತಿಸಲಾರದು.

ಕೇಳುವವರಿಲ್ಲದಿದ್ದರೂ ಹೇಳಿದವರಿದ್ದರು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ನರ, ಮನಸ್ಸಿನ ಕಾಯಿಲೆಗಳು ಅಸಹಜವಾಗಿ ಹೆಚ್ಚಿರುವುದನ್ನು ಗುರುತಿಸಿ ಬರೆದರು. ಪತ್ರಕರ್ತ ಶ್ರೀಪಡ್ರೆ ಅದನ್ನು ಲೋಕಕ್ಕೆ ತಿಳಿಸಿದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ರಕ್ತದ ಮಾದರಿಗಳಲ್ಲಿ ಎಂಡೋಸಲ್ಫಾನ್ ಕಂಡಿತು. ತಯಾರಕರು ಆ ಪರೀಕ್ಷೆಯನ್ನು ಒಪ್ಪಲಿಲ್ಲ. ಬಳಿಕ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಶಾಲಾ ಬಾಲಕರನ್ನು ಪರೀಕ್ಷಿಸಿ, ಅವರ ಪ್ರಾಯಕ್ಕೆ ಬರುವ ಬೆಳವಣಿಗೆ ತಡವಾಗಿರುವುದನ್ನು 2003ರಲ್ಲಿ ಪ್ರಕಟಿಸಿತು. ಪ್ರತಿಯೊಂದು ಅಂಗವೈಕಲ್ಯಕ್ಕೂ ಇದೊಂದೇ ಕಾರಣ ಎಂದು ವಿಜ್ಞಾನ ಹೇಳಲಾರದು, ನಿಜ. ಆದರೆ ಇಪ್ಪತ್ತು ವರ್ಷಗಳ ಸಿಂಪಡಣೆ ಮುಗಿದ ಮೇಲೆ ಪುರಾವೆ ಕೇಳುವುದೂ ನ್ಯಾಯವಲ್ಲ.

2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು; ಮೇ 13ರಂದು ಸುಪ್ರೀಂ ಕೋರ್ಟ್ ತಡೆ ಹಾಕಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. 2017ರಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಅದೇ ನ್ಯಾಯಾಲಯ ಆದೇಶಿಸಿತು. ಈಚೆ ದಕ್ಷಿಣ ಕನ್ನಡದಲ್ಲಿ ಪಟ್ಟಿಗೆ ಸೇರಿದವರು ಮೂರು ಸಾವಿರಕ್ಕೂ ಹೆಚ್ಚು. ಅವರಿಗೆ ದೊರೆತದ್ದು ವೈಕಲ್ಯದ ಶೇಕಡಾವಾರು ನೋಡಿ ಕೊಡುವ ಮಾಸಾಶನ, ಬೆಳ್ತಂಗಡಿಯ ಕೊಕ್ಕಡ ಮತ್ತು ಈಗ ಕಡಬ ತಾಲೂಕಿನಲ್ಲಿರುವ ಕೊಯಿಲದ ಪಾಲನಾ ಕೇಂದ್ರಗಳು. ಸುಳ್ಯದ ಪಯಸ್ವಿನಿ ಯಾರ ಅಪ್ಪಣೆಯನ್ನೂ ಕೇಳದೆ ಕಾಸರಗೋಡಿಗೆ ಹರಿದು ಚಂದ್ರಗಿರಿಯಾಗುತ್ತದೆ. ನೀರಿಗಿಲ್ಲದ ಗಡಿ ಪರಿಹಾರಕ್ಕೆ ಮಾತ್ರ ಎಲ್ಲಿಂದ ಬಂತು?

ಕತೆ ಮುಗಿದಿಲ್ಲ. ಪುತ್ತೂರು ತಾಲೂಕಿನ ಗಡಿಗೆ ತಾಗಿರುವ ಮಿಂಚಿನಪದವಿನ ಪಾಳುಬಾವಿಯಲ್ಲಿ ಉಳಿಕೆ ಎಂಡೋಸಲ್ಫಾನನ್ನು ಹೂಳಲಾಗಿದೆ ಎಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದು ಮಾದರಿ ತೆಗೆದರು. ದೂರು ನಿಜವಿರಲಿ ಇಲ್ಲದಿರಲಿ, ಬಾವಿಯ ಬಗ್ಗೆ ಜನರಿಗಿದ್ದ ನಂಬಿಕೆ ಹೋಗಿದೆ.

ನೀರು ಕುದಿಸಿದರೆ ರೋಗಾಣು ಸಾಯುತ್ತದೆ. ಕೀಟನಾಶಕ ಹೋಯಿತೆಂದು ನಂಬುವಂತಿಲ್ಲ. ಪಂಚಾಯತಿನಲ್ಲಿ ಕಿಟ್ ಹಿಡಿದು ಮಾಡುವ ಪರೀಕ್ಷೆ ಇದನ್ನು ತೋರಿಸುವುದೂ ಇಲ್ಲ. ಅದಕ್ಕೆ ದೊಡ್ಡ ಪ್ರಯೋಗಾಲಯವೇ ಬೇಕು. ಇಂದು ರಬ್ಬರು, ಅಡಿಕೆ ತೋಟಗಳಲ್ಲಿ ಕಳೆನಾಶಕದ ಕ್ಯಾನುಗಳು ಬಿದ್ದಿರುವುದನ್ನು ನಾವು ದಿನವೂ ನೋಡುತ್ತೇವೆ. ಅವು ಆಕಾಶದಿಂದ ಬಂದವಲ್ಲ, ನಮ್ಮ ಕೈಯಿಂದಲೇ ಬಿದ್ದವು. ಮುಂಗಾರಿನ ಮೊದಲು ಗ್ರಾಮಸಭೆಯಲ್ಲಿ ಯಾರಾದರೂ ಒಬ್ಬರು ಎದ್ದುನಿಂತು, ನಮ್ಮ ಬಾವಿಯ ನೀರಿನಲ್ಲಿ ಕೀಟನಾಶಕ ಇದೆಯೇ ಎಂದು ಕೇಳಲಿ. ಆ ಪ್ರಶ್ನೆಯನ್ನು 1980ರಲ್ಲಿ ಕೇಳಿದ್ದರೆ ಕೊಯಿಲದಲ್ಲಿ ಅಷ್ಟು ಮಕ್ಕಳಿಗೆ ಪಾಲನಾ ಕೇಂದ್ರ ಬೇಕಾಗುತ್ತಿತ್ತೇ?